ಹಳದಿ ಬಟ್ಟೆಯ ಗಂಟು

ಎದುರುಮನೆಯ ಗೇಟಿನ ಮೇಲೆ ಹಳದಿ ಬಟ್ಟೆ ಇತ್ತು. ಇರಬೇಕಾದ ಹೊತ್ತಿಗೆ, ಇರಬೇಕಾದ ಕಡೆಯೇ ಇತ್ತು. ಆದರೂ ಅದನ್ನು ನೋಡಿದ ಕೂಡಲೇ ನನ್ನ ಕೈಯಲ್ಲಿದ್ದ ಪೊರಕೆ ನಿಂತುಹೋಯಿತು. ಬಟ್ಟೆಗೆ ಗುಂಡಿ ಹಾಕಿರಲಿಲ್ಲ. ಗಂಟು ಹಾಕಿತ್ತು.

ಬಟ್ಟೆಯ ವಿಷಯವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಮ್ಮ ಪುರಸಭೆಯವರು ಪ್ರತಿ ಬೇಸಿಗೆಯಲ್ಲೂ ಒಂದು ಸಣ್ಣ ವ್ಯಾನಿಗೆ ಮೈಕು ಕಟ್ಟಿ ಬೀದಿ ಬೀದಿ ಸುತ್ತಿಸುತ್ತಾರೆ. "ನಾಗರಿಕರ ಗಮನಕ್ಕೆ. ಗಿಡಗಳಿಗೆ ದಿನ ಬಿಟ್ಟು ದಿನ, ಸಂಜೆ ಮಾತ್ರ ನೀರು ಹಾಕಬೇಕು. ಎಡಸಾಲಿನ ಮನೆಗಳಿಗೆ ಒಂದು ದಿನ, ಬಲಸಾಲಿಗೆ ಒಂದು ದಿನ. ಒಣ ಎಲೆಗೆ ಬೆಂಕಿ ಹಚ್ಚಬಾರದು. ಬಿಸಿಲು ಏರಿದ ಮೇಲೆ ಕಿಟಕಿ ಮುಚ್ಚಿ ಪರದೆ ಎಳೆದುಕೊಳ್ಳಬೇಕು. ಹಕ್ಕಿಗಳಿಗೆ ನೀರಿಡಿ, ಸೊಳ್ಳೆಗಳಿಗೆ ಇಡಬೇಡಿ." ಕೊನೆಯದು ವ್ಯಾನ್ ಡ್ರೈವರ್ ತಾನೇ ಸೇರಿಸಿಕೊಂಡದ್ದೆಂದು ನನ್ನ ಅನುಮಾನ; ಅದನ್ನು ಹೇಳುವಾಗ ಅವನ ದನಿಯಲ್ಲಿ ನಗು ಇರುತ್ತದೆ.

ಈ ವರ್ಷ ಹೊಸದೊಂದು ಸೂಚನೆ ಬಂತು. ಒಂಟಿಯಾಗಿರುವ ಹಿರಿಯರಿಗೆ ಪುರಸಭೆಯಿಂದ ತಲಾ ಒಂದು ಹಳದಿ ಬಟ್ಟೆ. ಬೆಳಿಗ್ಗೆ ಎದ್ದ ಮೇಲೆ ಅದನ್ನು ಗೇಟಿಗೆ ಕಟ್ಟಬೇಕು, ಸಂಜೆ ಬಿಚ್ಚಿ ತೆಗೆದಿಡಬೇಕು. ಹತ್ತು ಗಂಟೆಗೆ ವಾರ್ಡಿನ ಹೆಂಗಸೊಬ್ಬರು ಕೊಡೆ ಹಿಡಿದು, ಸೀಟಿ ಊದುತ್ತಾ ಬೀದಿಯಲ್ಲಿ ಹಾದುಹೋಗುತ್ತಾರೆ. ಬಟ್ಟೆ ಕಂಡರೆ ಒಳಗಿನವರು ಕ್ಷೇಮವೆಂದು ಲೆಕ್ಕ. ಕಾಣದಿದ್ದರೆ ಬಾಗಿಲು ಬಡಿಯುತ್ತಾರೆ; ತೆಗೆಯದಿದ್ದರೆ ಒಡೆಸುತ್ತಾರೆ. ನಾವು ಅವರಿಗೆ ಸೀಟಿ ಮೇಡಂ ಎಂದೇ ಹೆಸರಿಟ್ಟಿದ್ದೇವೆ.

ನಮ್ಮ ಬೀದಿಯಲ್ಲಿ ಹಳದಿ ಬಟ್ಟೆ ಬಂದದ್ದು ಒಬ್ಬರಿಗೇ, ಎದುರುಮನೆಯ ಟೈಲರಮ್ಮನಿಗೆ. ನನಗೆ ನನ್ನ ನಾದಿನಿ ಇದ್ದಾಳೆ, ಅವಳಿಗೆ ನಾನಿದ್ದೇನೆ. ನಮ್ಮಿಬ್ಬರ ಜಗಳ ಕೇಳಿಸುತ್ತಿರುವವರೆಗೂ ನಾವು ಬದುಕಿದ್ದೇವೆಂದು ಬೀದಿಗೆ ಗೊತ್ತಾಗುತ್ತದೆ. ಪುರಸಭೆ ಕೊಟ್ಟದ್ದು ಅಂಚು ಹೊಲಿಯದ ತುಂಡು. ಅಂಥದ್ದು ಕಂಡರೆ ಟೈಲರಮ್ಮನಿಗೆ ಮೈಯುರಿ. ಅಂದೇ ಅಂಚು ಮಡಿಸಿ ಹೊಲಿದು, ಕಾಜ ಎತ್ತಿ, ಯಾವುದೋ ಕೋಟಿನ ದೊಡ್ಡ ಕಂದು ಗುಂಡಿಗಳನ್ನು ಹಚ್ಚಿದರು. ಗೇಟಿನ ಮೇಲಿನ ಸರಳಿಗೆ ಸುತ್ತಿ ಗುಂಡಿ ಹಾಕಿದರೆ ಬಟ್ಟೆ ಇಸ್ತ್ರಿ ಮಾಡಿದ ಕಾಲರಿನಂತೆ ಕೂರುತ್ತಿತ್ತು. ಸಂಜೆ ಬಿಚ್ಚಿ, ಮಡಿಸಿ, ಗೇಟಿನದೇ ಟಪ್ಪಾಲು ಪೆಟ್ಟಿಗೆಯೊಳಗೆ ಇಡುತ್ತಿದ್ದರು.

ಅಂಥ ಬಟ್ಟೆಗೆ ಆ ಮಂಗಳವಾರ ಬೆಳಿಗ್ಗೆ ಯಾರೋ ಚೀಲದ ಬಾಯಿ ಕಟ್ಟುವಂತೆ ಗಂಟು ಬಿಗಿದಿದ್ದರು.

"ಟೈಲರಮ್ಮ ಕಟ್ಟಿದ್ದಲ್ಲ ಅದು," ಎಂದೆ.

ನಾದಿನಿ ಗಣಿತದ ಟೀಚರ್ ಆಗಿ ನಿವೃತ್ತಳಾದವಳು. ಯಾವ ಮಾತನ್ನೂ ಸಾಧಿಸಿ ತೋರಿಸದೆ ಒಪ್ಪುವವಳಲ್ಲ. ಹಕ್ಕಿಗಳ ಬಟ್ಟಲಿಗೆ ನೀರು ತುಂಬುತ್ತಿದ್ದವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಬಟ್ಟೆ ಇದೆ ತಾನೇ ಅತ್ತಿಗೆ? ಬಟ್ಟೆ ಇದೆ ಅಂದ್ರೆ ಆಯಮ್ಮ ಇದಾಳೆ. ಅವಸರದಲ್ಲಿ ಗಂಟು ಹಾಕಿರ್ತಾಳೆ."

"ಅವಸರದಲ್ಲಿ ಅವರು ಮನೆಗೆ ಬೀಗ ಹಾಕೋದು ಮರೀಬಹುದು. ಗುಂಡಿ ಹಾಕೋದು ಮರೆಯೋಲ್ಲ."

"ಹಂಗಾದ್ರೆ ಹೋಗಿ ಕೇಳಿ. ನಾನಂತೂ ಆ ಗೇಟು ಮುಟ್ಟೋಲ್ಲ."

ಅವಳು ಮುಟ್ಟದಿರುವುದಕ್ಕೆ ಕಾರಣವಿತ್ತು. ನಮ್ಮ ಸಾಲಿನ ದಿನದಲ್ಲೂ ಟೈಲರಮ್ಮ ತಮ್ಮ ಟೊಮೇಟೊ ಗಿಡಗಳಿಗೆ ಚೊಂಬಿನಲ್ಲಿ ಕದ್ದು ನೀರು ಹಾಕುತ್ತಾರೆಂದು ಸೀಟಿ ಮೇಡಂಗೆ ಚಾಡಿ ಹೇಳಿದ್ದು ಇವಳೇ. "ನಿಮ್ಮ ಮನೆಯವ್ರು ಇನ್ನು ನನ್ನ ಗೇಟಿನ ಹತ್ರ ಬರೋದು ಬೇಡ," ಎಂದು ಟೈಲರಮ್ಮ ಬೀದಿಗೆ ಕೇಳಿಸುವಂತೆ ಹೇಳಿದ್ದರು. ಆಮೇಲೆ ಮೊದಲು ಹಣ್ಣಾದ ಎರಡು ಟೊಮೇಟೊ ನಮ್ಮ ಕಾಂಪೌಂಡಿನ ಮೇಲೆ ಕೂತಿದ್ದವು. ಇಟ್ಟವರು ಯಾರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾತು ಮಾತ್ರ ನಿಂತೇ ಇತ್ತು.

ಹತ್ತಕ್ಕೆ ಸೀಟಿ ಕೇಳಿಸಿತು. ನಾನು ಗೇಟಿಗೆ ಹೋಗಿ ನಿಂತೆ. ಸೀಟಿ ಮೇಡಂ ತಮ್ಮ ಕೊಡೆಯನ್ನು ತರಕಾರಿ ಹೊತ್ತು ಬರುತ್ತಿದ್ದ ಒಬ್ಬ ಮುದುಕನ ತಲೆಯ ಮೇಲೆ ಹಿಡಿದು, ತಾವು ಬಿಸಿಲಲ್ಲಿ ನಡೆದು ಬರುತ್ತಿದ್ದರು.

"ಟೈಲರಮ್ಮನ್ನ ಒಂದ್ಸಲ ಕೂಗಿ ನೋಡ್ತೀರಾ?" ಎಂದು ಕೇಳಿದೆ.

"ಬಟ್ಟೆ ಇದೆಯಲ್ಲಮ್ಮ."

"ಇದೆ. ಆದ್ರೆ ಗಂಟು ಹಾಕಿದೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಬಿಸಿಲಿಗೆ ನನಗೇ ಏನಾದರೂ ಆಗಿದೆಯೇ ಎಂದು ನೋಡುವ ನೋಟ ಅದು.

"ಅಮ್ಮ, ಹೋದ ವಾರ ನೆನಪಿಲ್ವಾ? ಬಟ್ಟೆ ಇರಲಿಲ್ಲ ಅಂತ ಬಾಗಿಲು ಬಡಿದಿದ್ದಕ್ಕೇ ನನಗೆ ಅಷ್ಟು ಬೈಗುಳ. ಈಗ ಬಟ್ಟೆ ಇದ್ದೂ ಬಡಿದ್ರೆ ಕತ್ತರಿ ತಗೊಂಡೇ ಬರ್ತಾರೆ. ನೀವು ಒಳಗೆ ಹೋಗಿ, ನೀರು ಕುಡೀರಿ."

ಹೋದ ವಾರದ್ದು ಯಾರೂ ಮರೆಯುವಂಥದ್ದಲ್ಲ. ಟೈಲರಮ್ಮ ಹಿಂದಿನ ರಾತ್ರಿ ಸೆಕೆಗೆ ನಿದ್ದೆಯಿಲ್ಲದೆ, ಬೆಳಗಾದ ಮೇಲೆ ಕಣ್ಣು ಹತ್ತಿ ಮಲಗಿಬಿಟ್ಟಿದ್ದರು. ಅವರು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಆಂಬುಲೆನ್ಸ್ ಬಂದು, ಸ್ಟ್ರೆಚರ್ ಇಳಿದು, ಇಡೀ ಬೀದಿ ಅವರ ಗೇಟಿನ ಮುಂದೆ ನಿಂತಿತ್ತು. ಕೆದರಿದ ತಲೆಯಲ್ಲಿ ಹೊರಗೆ ಬಂದವರು, "ನಾನಿನ್ನೂ ಸತ್ತಿಲ್ಲ! ಸತ್ತಾಗ ಹೇಳಿ ಕಳಿಸ್ತೀನಿ, ಈಗ ಹೋಗಿ ಎಲ್ಲಾರೂ!" ಎಂದು ಕೂಗಿ ಬಾಗಿಲು ಹಾಕಿಕೊಂಡರು. ಒಳಗೆ ಹೋದ ಮೇಲೆ ಅತ್ತರೆಂದು ಕಾಣುತ್ತದೆ. ಸಂಜೆ ಅವರ ಮೂಗು ಕೆಂಪಗಿತ್ತು.

ನಾನು ನೀರು ಕುಡಿದೆ. ಆಮೇಲೆ ಟೈಲರಮ್ಮನ ಫೋನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ನಿಮ್ಮ ನಂಬರ್ ನೋಡಿ ಎತ್ತಿಲ್ಲ, ಅಷ್ಟೆ. ಇನ್ನೂ ಕೋಪ ಇಳಿದಿಲ್ಲ ಆಯಮ್ಮನಿಗೆ," ಎಂದಳು ನಾದಿನಿ.

ಕೋಪಕ್ಕೆ ಎತ್ತಲಿಲ್ಲವೋ, ಎತ್ತುವ ಸ್ಥಿತಿಯಲ್ಲಿಲ್ಲವೋ? ಮಧ್ಯಾಹ್ನ ನಾನೇ ಬೀದಿ ದಾಟಿದೆ. ಎರಡೂ ಸಾಲಿನ ಮನೆಗಳು ಪುರಸಭೆ ಹೇಳಿದಂತೆ ಕಿಟಕಿ ಮುಚ್ಚಿ, ಪರದೆ ಎಳೆದುಕೊಂಡು, ಯಾರ ಮುಖವನ್ನೂ ನೋಡಲಾರೆವೆಂಬಂತೆ ನಿಂತಿದ್ದವು. ಬೇರೆ ದಿನಗಳಲ್ಲಾದರೆ ಮುಚ್ಚಿದ ಕಿಟಕಿಯೇ ಒಂದು ಸುದ್ದಿ. ಈ ಬೇಸಿಗೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಯಾವುದು ನೆಮ್ಮದಿಯ ಮನೆ, ಯಾವುದು ಅಲ್ಲ, ಹೊರಗಿನಿಂದ ಹೇಳುವಂತಿರಲಿಲ್ಲ. ಕೂಲರುಗಳ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ.

ಬಾಗಿಲು ತಟ್ಟಿದೆ. ಉತ್ತರವಿಲ್ಲ. ಇನ್ನೊಮ್ಮೆ ತಟ್ಟಿ, "ಟೈಲರಮ್ಮ, ನಾನು, ಎದುರುಮನೆಯವಳು," ಎಂದೆ.

ಪಕ್ಕದ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಮಹಡಿ ಮೇಲಿನ ಬಾಡಿಗೆಯವನು ಬರಿಗಾಲಲ್ಲಿ ಬೇಗ ಬೇಗ ಇಳಿದು ಬಂದ. ಬೇಕರಿಯೊಂದರಲ್ಲಿ ಒಲೆ ನೋಡಿಕೊಳ್ಳುವ, ತಲೆ ಅರ್ಧ ನೆರೆತ ಮನುಷ್ಯ. ನಸುಕಿಗೇ ಸೈಕಲ್ಲು ಹತ್ತಿ ಹೋಗಿ ಮಧ್ಯಾಹ್ನ ಬರುತ್ತಾನೆ. ಮಾತು ಕಡಿಮೆ, ನಾದಿನಿ ಅವನನ್ನು ಬ್ರೆಡ್ಡಪ್ಪ ಎನ್ನುತ್ತಾಳೆ.

"ಅಮ್ಮ, ತಟ್ಟಬೇಡಿ. ಮಲಗಿರ್ತಾರೆ," ಎಂದ, ಪಿಸುದನಿಯಲ್ಲಿ.

"ನೀನು ನೋಡಿದ್ಯಾ ಅವರನ್ನ?"

"ಇದಾರಲ್ಲ ಅಮ್ಮ. ಬೆಳಿಗ್ಗೆ ಬಟ್ಟೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಗೇಟಿನ ಕಡೆ ನೋಡಿದ, ಕೂಡಲೇ ಕಣ್ಣು ಆಚೆ ಹೊರಳಿಸಿದ. "ಬಟ್ಟೆ ಇದೆಯಲ್ಲ. ಬಿಸಿಲು ಅಮ್ಮ, ಮನೆಗೆ ಹೋಗಿ."

ಮೊದಲು ಸೀಟಿ ಮೇಡಂ, ಈಗ ಇವನು. ಎಲ್ಲರೂ ನನ್ನನ್ನು ಮನೆಗೆ ಕಳಿಸುವವರೇ. ನಾನು ತಿರುಗಿ ಬರುವಾಗಲೂ ಅವನು ಮೆಟ್ಟಿಲ ಬಳಿಯೇ ನಿಂತಿದ್ದ, ನಾನು ನಿಜವಾಗಿಯೂ ಹೋಗುತ್ತೇನೆಯೇ ಎಂದು ಕಾಯುವವನಂತೆ.

"ನಾನು ಮೊದಲೇ ಹೇಳಿದ್ದೆ ಅತ್ತಿಗೆ," ಎಂದಳು ನಾದಿನಿ. ಅವಳು ಏನನ್ನೂ ಮೊದಲೇ ಹೇಳಿರಲಿಲ್ಲ. "ಒಂಟಿ ಹೆಂಗಸು, ಸ್ವಂತ ಮನೆ, ಮೇಲೊಬ್ಬ ಬಾಯಿ ಬಿಡದ ಗಂಡಸು. ಮನೆ ಬರೆಸ್ಕೊಳ್ಳೋಕೆ ಏನಾದ್ರೂ ಮಾಡಿರ್ತಾನೆ."

"ಸುಮ್ನಿರು. ಬಿಸಿ ಬನ್ನು ತಂದಾಗೆಲ್ಲ ಅವರ ಬಾಗಿಲಲ್ಲಿ ಇಟ್ಟು ಹೋಗ್ತಾನೆ ಅವನು. ನಾನೇ ನೋಡಿದೀನಿ."

"ಅದನ್ನೇ ನಾನೂ ಹೇಳೋದು. ಬನ್ನು ಯಾಕಿಡ್ತಾನೆ?"

ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಅನುಮಾನದ ಕೆಲಸವೇ ಹಾಗೆ. ನಿನ್ನೆಯವರೆಗೆ ಕಣ್ಣಿಗೆ ಒಳ್ಳೆಯದಾಗಿ ಕಂಡದ್ದನ್ನೆಲ್ಲ ಅದು ಮಗ್ಗುಲು ಬದಲಿಸಿ ತೋರಿಸುತ್ತದೆ.

ಆ ಸಂಜೆ ಎದುರುಸಾಲಿನವರ ನೀರಿನ ದಿನ. ಬಿಸಿಲು ಇಳಿಯುತ್ತಲೇ ಒಂದೊಂದು ಮನೆಯ ಮುಂದೂ ಪೈಪು, ಬಕೆಟ್ಟು, ಒದ್ದೆ ಮಣ್ಣಿನ ವಾಸನೆ. ಟೈಲರಮ್ಮನ ಟೊಮೇಟೊ ಗಿಡಗಳು ಮಾತ್ರ ತಲೆ ಜೋತು ಹಾಕಿ ನಿಂತಿದ್ದವು. ನಮ್ಮ ದಿನದಲ್ಲೂ ಕದ್ದು ನೀರು ಹಾಕುವ ಹೆಂಗಸು ತನ್ನ ದಿನವನ್ನು ಬಿಟ್ಟುಕೊಡುತ್ತಾಳೆಯೇ? ಈ ಸಲ ನಾದಿನಿಯೂ ವಾದ ಮಾಡಲಿಲ್ಲ. ಗಿಡಗಳನ್ನೇ ನೋಡುತ್ತಾ, "ಇದು ಲೆಕ್ಕಕ್ಕೆ ಬರ್ತಿಲ್ಲ," ಎಂದಳು.

ಕತ್ತಲಾಗುವ ಹೊತ್ತಿಗೆ ನಾವಿಬ್ಬರೂ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದೆವು. ಬಟ್ಟೆ ತೆಗೆಯಲು ಟೈಲರಮ್ಮ ಬಂದರೆ ನನ್ನ ಅನುಮಾನ ಗಾಳಿಗೆ ಹೋಗಲಿ, ನಾನೇ ಹೋಗಿ ಮಾತಾಡಿಸುತ್ತೇನೆ ಎಂದುಕೊಂಡಿದ್ದೆ. ಅವರು ಬರಲಿಲ್ಲ. ಬಂದವನು ಇಸ್ತ್ರಿಯಣ್ಣ. ಟೈಲರಮ್ಮನ ಗೋಡೆಗೆ ಆನಿಸಿದಂತೆಯೇ ಅವನ ಇಸ್ತ್ರಿ ಅಂಗಡಿ. ದಾರಿಹೋಕರಿಗೆಂದು ಮುಂದೆ ಒಂದು ನೀರಿನ ಮಡಕೆ, ಲೋಟ ಇಟ್ಟಿರುತ್ತಾನೆ. ಅಂಗಡಿ ಮುಚ್ಚಿ ಬಂದವನು ಬೀದಿಯ ಆಚೆ ಈಚೆ ನೋಡಿದ. ಗೇಟಿನ ಗಂಟನ್ನು ಬಿಚ್ಚಿದ. ಬಟ್ಟೆಯನ್ನು ಎರಡು ಸಲ ಕೊಡವಿ, ಅಚ್ಚುಕಟ್ಟಾಗಿ ಮಡಿಸಿ, ಟಪ್ಪಾಲು ಪೆಟ್ಟಿಗೆಗೆ ಹಾಕಿ, ಏನೂ ಆಗದವನಂತೆ ಹೊರಟುಹೋದ.

"ಇಬ್ರೂ ಸೇರಿದಾರೆ," ಎಂದಳು ನಾದಿನಿ. ಅವಳ ಕೈ ನನ್ನ ತೋಳನ್ನು ಹಿಡಿದಿತ್ತು.

ತಕ್ಷಣ ಪೊಲೀಸರಿಗೆ ಫೋನ್ ಮಾಡಬೇಕೆಂದು ಅವಳು, ಗಂಟು ಕಂಡೆವೆಂದು ದೂರು ಕೊಟ್ಟರೆ ನಗುತ್ತಾರೆಂದು ನಾನು. ಕೊನೆಗೆ ಮತ್ತೊಮ್ಮೆ ಹೋಗಿ ಬಾಗಿಲು ತಟ್ಟಿದೆವು. ಹೌದು, ಆ ಗೇಟು ಮುಟ್ಟೋಲ್ಲವೆಂದವಳೂ ನನ್ನ ಹಿಂದೆಯೇ ಬಂದಳು. ಒಳಗೆ ದೀಪವಿರಲಿಲ್ಲ. ಪಕ್ಕದ ಮನೆಯ ಕೂಲರ್ ಮಾತ್ರ ಗೊರಗೊರ ಎನ್ನುತ್ತಿತ್ತು. ನಾದಿನಿ ಬಾಗಿಲಿಗೆ ಕಿವಿಯಿಟ್ಟು ಕೇಳಿ, ತಲೆಯಲ್ಲಾಡಿಸಿದಳು. ಫೋನ್ ಈಗ ಸ್ವಿಚ್ಡ್ ಆಫ್ ಎನ್ನುತ್ತಿತ್ತು. ಬೆಳಗಾಗಲಿ, ಕಟ್ಟುವವರನ್ನು ಕಟ್ಟುವಾಗಲೇ ಹಿಡಿಯೋಣ ಎಂದುಕೊಂಡು ಮನೆಗೆ ಬಂದೆವು. ಮಲಗಿದೆವು ಎಂದು ಹೇಳಲಾರೆ.

ಬೆಳಕು ಹರಿಯುವ ಮುಂಚೆಯೇ ಬ್ರೆಡ್ಡಪ್ಪ ಸೈಕಲ್ಲು ತಳ್ಳಿಕೊಂಡು ಗೇಟಿಗೆ ಬಂದ. ಟಪ್ಪಾಲು ಪೆಟ್ಟಿಗೆ ತೆರೆದ. ಬಟ್ಟೆ ತೆಗೆದ. ಗುಂಡಿಗಳೊಂದಿಗೆ ಸ್ವಲ್ಪ ಹೆಣಗಿ, ಆಗದೆ, ಗಂಟು ಹಾಕತೊಡಗಿದ. ಅಷ್ಟರಲ್ಲಿ ನಾನು ಬೀದಿ ದಾಟಿಯಾಗಿತ್ತು.

"ಯಾಕೆ ಕಟ್ತಿದೀಯಪ್ಪ ಅದನ್ನ?"

ಅವನು ಬೆಚ್ಚಿಬಿದ್ದ. ಸೈಕಲ್ಲು ದಡಾರನೆ ಬಿತ್ತು. ಇಸ್ತ್ರಿ ಅಂಗಡಿಯಲ್ಲಿ ಆಗಲೇ ಕೆಂಡಕ್ಕೆ ಗಾಳಿ ಬೀಸುತ್ತಿದ್ದ ಇಸ್ತ್ರಿಯಣ್ಣ ಸದ್ದು ಕೇಳಿ ಓಡಿ ಬಂದ. ನನ್ನ ಹಿಂದೆ ನಾದಿನಿ, ಕೈಯಲ್ಲಿ ಪೊರಕೆ.

"ಅಮ್ಮ, ಯಾರಿಗೂ ಹೇಳಬೇಡಿ," ಎಂದ ಬ್ರೆಡ್ಡಪ್ಪ. "ಬೇರೆಯವ್ರು ಕಟ್ಟಬಾರದು ಅಂತ ಗೊತ್ತು. ಹೋದ ವಾರ ಅವರಿಗೆ ಅಷ್ಟು ಅವಮಾನ ಆಯ್ತಲ್ಲ, ನೋಡೋಕಾಗ್ಲಿಲ್ಲ. ಮೇಲಿಂದ ಅಳೋದು ಕೇಳಿಸ್ತಿತ್ತು. ದಿನಾ ನಾನು ಹೊರಡೋ ಹೊತ್ತಿಗೇ ಎದ್ದು ಬಟ್ಟೆ ಕಟ್ಟಿರ್ತಾರೆ, ನಿನ್ನೆ ಇನ್ನೂ ಕಟ್ಟಿರಲಿಲ್ಲ. ಸೆಕೆಗೆ ಮತ್ತೆ ನಿದ್ದೆ ಹೋಗಿರ್ತಾರೆ, ಮಲಗ್ಲಿ ಪಾಪ ಅಂತ ನಾನೇ ಕಟ್ಟಿದೆ. ಇವತ್ತೂ ಅಷ್ಟೆ."

"ಅವರು ಚೆನ್ನಾಗಿದಾರೆ ಅಂತ ನಿನಗೆ ಹೇಗೆ ಗೊತ್ತು?"

"ಸಂಜೆ ಬಿಚ್ಚಿ ಇಟ್ಟಿದಾರಲ್ಲಮ್ಮ. ನೋಡಿ, ಎಷ್ಟು ಚೆನ್ನಾಗಿ ಮಡಿಸಿದಾರೆ."

ಇಸ್ತ್ರಿಯಣ್ಣನ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

"ಅವರು ಎಲ್ಲಿ ಇಟ್ರು?" ಎಂದ. "ನಿನ್ನೆ ಸಂಜೆ ಮಡಿಸಿ ಇಟ್ಟಿದ್ದು ನಾನು."

"ನೀವಾ?"

"ಗಾಳಿ ಬೀಸ್ತಿತ್ತು, ಹಾರಿಹೋದ್ರೆ ಮತ್ತೆ ಆ ಸೀಟಿ ಕಾಟ. ಮರೆತಿರ್ತಾರೆ ಅಂತ ತೆಗೆದಿಟ್ಟೆ. ಬೆಳಿಗ್ಗೆ ಅವರೇ ಕಟ್ಟಿದಾರಲ್ಲ, ಇನ್ನೇನು ಅಂತ..."

ಬೆಳಿಗ್ಗೆ ಬ್ರೆಡ್ಡಪ್ಪ ಕಟ್ಟಿದ್ದನ್ನು ನೋಡಿ ಇಸ್ತ್ರಿಯಣ್ಣನಿಗೆ ಧೈರ್ಯ. ಸಂಜೆ ಇಸ್ತ್ರಿಯಣ್ಣ ಬಿಚ್ಚಿದ್ದನ್ನು ನೋಡಿ ಬ್ರೆಡ್ಡಪ್ಪನಿಗೆ ಧೈರ್ಯ. ಇಬ್ಬರ ನಡುವೆ ಸೀಟಿ ಮೇಡಂಗೂ ಧೈರ್ಯ. ಸೋಮವಾರ ಸಂಜೆಯಿಂದ ಟೈಲರಮ್ಮನನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

"ನಿಂತು ನೋಡ್ತೀರೇನ್ರೋ? ಒಡೀರಿ ಬಾಗಿಲು!" ಎಂದು ನಾದಿನಿ ಕಿರುಚಿದಳು. ಮಾತು ಬಿಟ್ಟವಳು ಅವಳೇ, ಎಲ್ಲರಿಗಿಂತ ಮುಂದೆ ಹಿತ್ತಲಿಗೆ ಓಡಿದವಳೂ ಅವಳೇ.

ಹಿತ್ತಲ ಬಾಗಿಲ ಚಿಲಕ ಬ್ರೆಡ್ಡಪ್ಪನ ಭುಜಕ್ಕೆ ಎರಡನೆಯ ಸಲಕ್ಕೇ ಸೋತಿತು. ಒಳಗಿನ ಸೆಕೆ ಮುಖಕ್ಕೆ ಬಡಿಯಿತು. ಹೊಲಿಗೆ ಕೋಣೆಯ ನೆಲದ ಮೇಲೆ, ಮಿಷನ್ನಿನ ಕಾಲುಗಳ ಪಕ್ಕದಲ್ಲಿ ಟೈಲರಮ್ಮ ಮಲಗಿದ್ದರು. ಬಲಗಾಲಿನ ಹರಡು ಊದಿಕೊಂಡಿತ್ತು. ಮೈಮೇಲೆ ಲೈನಿಂಗ್ ಬಟ್ಟೆ ಹೊದ್ದಿದ್ದರು. ಅದು ಒದ್ದೆಯಾಗಿ ಒಣಗಿದ ಗುರುತಿತ್ತು. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಕೈಯಲ್ಲೇ ಇತ್ತು, ಖಾಲಿ.

ನಾನು ಅವರ ಕೆನ್ನೆ ಮುಟ್ಟಿದೆ. ಕೆಂಡದ ಹಾಗಿತ್ತು. ಕಣ್ಣು ತೆರೆದರು.

ಇಸ್ತ್ರಿಯಣ್ಣ ತನ್ನ ಮಡಕೆಯನ್ನೇ ಎತ್ತಿ ತಂದ. ನಾದಿನಿ ಸಕ್ಕರೆ ಉಪ್ಪು ಕದಡಿ, ಚಮಚದಲ್ಲಿ, ಮಗುವಿಗೆ ಕುಡಿಸುವಂತೆ ಕುಡಿಸಿದಳು. ಬ್ರೆಡ್ಡಪ್ಪ ಕಿಟಕಿಗಳನ್ನೆಲ್ಲ ತೆಗೆದು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಟೈಲರಮ್ಮನ ತುಟಿ ಆಡಿತು. ನಾನು ಬಗ್ಗಿದೆ.

"ಸೋಮವಾರ ರಾತ್ರಿ ಬಿದ್ದೆ ಅಕ್ಕ," ಎಂದರು. "ಹೆದರಲಿಲ್ಲ. ಬಟ್ಟೆ ಪೆಟ್ಟಿಗೇಲಿದೆ, ಗೇಟು ಖಾಲಿ, ಹತ್ತಕ್ಕೆ ಬಂದೇ ಬರ್ತಾಳೆ ಆಯಮ್ಮ ಅಂತ ಮಲಗಿದ್ದೆ. ಸೀಟಿ ಕೇಳ್ತು. ಹತ್ರ ಬಂತು. ಮುಂದೆ ಹೋಯ್ತು." ಒಂದು ಚಮಚ ನುಂಗಿ ಮತ್ತೆ ಹೇಳಿದರು: "ಬೈದಿದ್ದೆನಲ್ಲ, ಬೇಕಂತಲೇ ಬಿಟ್ಟು ಹೋದ್ಲು ಅನ್ಕೊಂಡೆ. ನೀವು ತಟ್ಟಿದ್ದೂ ಕೇಳ್ತು. 'ಮಲಗಿರ್ತಾರೆ' ಅಂದಿದ್ದೂ ಕೇಳ್ತು. ಫೋನು ಹೊಡ್ಕೊಂಡಿದ್ದೂ ಕೇಳ್ತು, ಅದು ಒಳಕೋಣೇಲಿತ್ತು. ಕೂಗಿದೆ. ಪಕ್ಕದ ಮನೆ ಕೂಲರ್ರು ನನಗಿಂತ ಜೋರಾಗಿ ಕೂಗ್ತು."

ಹೊರಗೆ ಗೋಡೆಗಾತು ನಿಂತಿದ್ದ ಇಬ್ಬರು ಗಂಡಸರಲ್ಲಿ ಒಬ್ಬನು ಬಿಕ್ಕಿದ. ಯಾರೆಂದು ನಾನು ನೋಡಲಿಲ್ಲ.

ಸ್ಟ್ರೆಚರ್ ಬಂತು. ಈ ಸಲ ಟೈಲರಮ್ಮ ಬೈಯಲಿಲ್ಲ. ಗೇಟು ದಾಟುವಾಗ ಮಾತ್ರ ಕೈ ಎತ್ತಿ ನಿಲ್ಲಿಸಿ, ಅರ್ಧ ಬಿಗಿದಿದ್ದ ಗಂಟನ್ನು ನೋಡಿದರು.

"ನನ್ನ ಬಟ್ಟೆಗೆ ಇದನ್ನ ಹಾಕಿದ ಪುಣ್ಯಾತ್ಮ ಯಾರು?"

"ಕಾಜ ಸಣ್ಣದಾಯ್ತು ಅಮ್ಮ," ಎಂದ ಬ್ರೆಡ್ಡಪ್ಪ, ನೆಲ ನೋಡುತ್ತಾ.

"ಕಾಜ ಸಣ್ಣದಲ್ಲ. ನಿನ್ನ ಬೆರಳು ದಪ್ಪ."

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವರು ಮನೆಗೆ ಬರುವಷ್ಟರಲ್ಲಿ ಬಿಸಿಲು ಇನ್ನಷ್ಟು ಏರಿತ್ತು. ಟೊಮೇಟೊ ಗಿಡಗಳು ಬದುಕಿದ್ದವು. ಎರಡೂ ಸಾಲಿನ ದಿನಗಳಲ್ಲಿ ಯಾರೋ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ಚೊಂಬು ನಮ್ಮ ಮನೆಯದು. ನಾನು ನಾದಿನಿಯನ್ನು ಏನೂ ಕೇಳಲಿಲ್ಲ. ಸೀಟಿ ಮೇಡಂ ಈಗ ಬಟ್ಟೆ ಕಂಡರೂ ಬಾಗಿಲಿಗೆ ಹೋಗಿ ಮುಖ ನೋಡದೆ ಮುಂದಕ್ಕೆ ಹೋಗುವುದಿಲ್ಲ. ಟೈಲರಮ್ಮನದು ಒಂದೇ ಅಪ್ಪಣೆ: ಆ ಬಟ್ಟೆಯನ್ನು ಅವರ ಹೊರತು ಯಾರೂ ಮುಟ್ಟಕೂಡದು, ಗೇಟು ಖಾಲಿ ಕಂಡರೆ ಖಾಲಿ ಎಂದೇ ತಿಳಿಯಬೇಕು.

ನಿನ್ನೆ ಬೆಳಿಗ್ಗೆ ಒಂಬತ್ತೂವರೆಯಾದರೂ ಗೇಟು ಖಾಲಿ ಇತ್ತು. ನಾನು ಪೊರಕೆ ಹಿಡಿದು ನಮ್ಮ ಗೇಟಿನಲ್ಲಿ ನಿಂತೆ. ನಾದಿನಿ ಹಕ್ಕಿಗಳ ಬಟ್ಟಲನ್ನು ಮತ್ತೆ ಮತ್ತೆ ತುಂಬಿದಳು. ಇಸ್ತ್ರಿಯಣ್ಣ ಒಂದೇ ಅಂಗಿಯ ತೋಳನ್ನು ತಿಕ್ಕುತ್ತಲೇ ಇದ್ದ. ರಜೆಯಲ್ಲಿದ್ದ ಬ್ರೆಡ್ಡಪ್ಪ ಮೆಟ್ಟಿಲ ಮೇಲೆ ಕೂತು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ; ಬಿಟ್ಟರೆ ಅವು ತಾವಾಗಿಯೇ ಪೆಟ್ಟಿಗೆಗೆ ಹೋಗುತ್ತವೆಂಬಂತೆ. ಬೀದಿಯ ತುದಿಯಲ್ಲಿ ಸೀಟಿ ಕೇಳಿಸಿತು. ಬ್ರೆಡ್ಡಪ್ಪ ಎದ್ದು ನಿಂತ. ಸೀಟಿ ಮೇಡಂ ಖಾಲಿ ಗೇಟು ಕಂಡು ಕೊಡೆ ಮಡಿಸಿ, ಓಡಿಯೇ ಬಂದು ಬಾಗಿಲು ಬಡಿದರು.

ಮೊದಲ ಬಡಿತಕ್ಕೇ ಬಾಗಿಲು ತೆರೆಯಿತು. ಟೈಲರಮ್ಮ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು, ಕೋಲೂರಿ ಬಾಗಿಲ ಹಿಂದೆಯೇ ನಿಂತಿದ್ದರು. ನಮ್ಮೆಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದರು.

"ಪರವಾಗಿಲ್ಲ," ಎಂದರು. "ಯಾರೂ ಮುಟ್ಟಲಿಲ್ಲ."

ಆಮೇಲೆ ಕುಂಟುತ್ತಾ ಗೇಟಿಗೆ ಬಂದು, ಪೆಟ್ಟಿಗೆಯಿಂದ ಬಟ್ಟೆ ತೆಗೆದು, ನಮ್ಮ ಕಣ್ಣೆದುರೇ ನಿಧಾನವಾಗಿ ಒಂದೊಂದೇ ಗುಂಡಿ ಹಾಕಿದರು.